ಹಸಿರು ಚುಕ್ಕೆಯ ಬ್ಯಾಟರಿಗಳು

"ಸುಮಿತ್ರಮ್ಮ, ಬೇಗ ಬನ್ನಿ! ಮನೆಯೊಳಗೇ ಕಳ್ಳಿ ಇದ್ದಾಳೆ!"

ಕೂಗಿದವರು ಎದುರುಮನೆಯ ಆಂಡಾಳ್. ಬೇಲೂರಿನ ನಮ್ಮ ಬೀದಿಯಲ್ಲಿ ಹಾಲಿನ ಪಾಕೆಟ್ ಕಳೆದರೂ ಪೊಲೀಸರಿಗಿಂತ ಮೊದಲು ಕರೆಸುವುದು ನನ್ನ ಗೆಳತಿ ಸುಮಿತ್ರಮ್ಮನನ್ನು. ಅವರು ನಿವೃತ್ತ ವಿಜ್ಞಾನ ಶಿಕ್ಷಕಿ. ಅವರ ಮಹಡಿಯಲ್ಲಿ ಬಾಡಿಗೆಗಿರುವ ನಾನು ಅವರ ಬಾಲ. ಕಾಫಿ ಲೋಟ ಅಲ್ಲೇ ಇಟ್ಟು ಇಬ್ಬರೂ ಓಡಿದೆವು.

ನಡುಮನೆಯಲ್ಲಿ ಆಂಡಾಳ್ ಅವರ ಮಗಳು ಮೇಧಿನಿ ಅಳುತ್ತಿದ್ದಳು. ಅಂದು ಹಾಸನದಲ್ಲಿ ಅವಳ ಡಿಪ್ಲೊಮಾದ ಕೊನೆಯ ಪರೀಕ್ಷೆ. ಕ್ಯಾಲ್ಕುಲೇಟರಿಗೆಂದು ಅರಸೀಕೆರೆಯಿಂದ ಬಿಡಿ ಬ್ಯಾಟರಿಗಳನ್ನು ತಂದು, ಅಂಗಿಯ ಗುಂಡಿಯಷ್ಟಿದ್ದ ಒಂದೊಂದನ್ನೂ ಪರೀಕ್ಷಿಸಿ, ಹತ್ತಿಯಲ್ಲಿ ಬೇರೆಬೇರೆಯಾಗಿ ಸುತ್ತಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟಿದ್ದಳು. ಬೆಳಗ್ಗೆ ನೋಡಿದರೆ ಎಲ್ಲವೂ ಸತ್ತಿದ್ದವು.

ಗೋಡೆಗೊರಗಿ ನಿಂತಿದ್ದವಳು ಸಿರಿ, ಮನೆಯ ಯಜಮಾನ ಗೋಪಾಲಸ್ವಾಮಿಯವರ ತಂಗಿಯ ಮಗಳು. ತಾಯಿ ತೀರಿಕೊಂಡ ಮೇಲೆ ಇಲ್ಲೇ ಬೆಳೆದವಳು. ಅವಳಿಗೂ ಅದೇ ಪರೀಕ್ಷೆ, ಇಬ್ಬರಿಗೂ ಒಂದೇ ಕೋಣೆ. ಅವಳ ಬ್ಯಾಟರಿಗಳು ಮಾತ್ರ ಅಂಗಡಿಯ ರಟ್ಟಿನಲ್ಲೇ ಭದ್ರವಾಗಿದ್ದವು.

"ಒಳ್ಳೇದನ್ನ ತಗೊಂಡು ಸತ್ತಿದ್ದನ್ನ ಇಟ್ಟಿದ್ದಾಳೆ. ಒಪ್ಪಿಕೊಳ್ಳೋವರೆಗೂ ಹೊಸ್ತಿಲು ದಾಟಲ್ಲ ಅವಳು!" ಎಂದು ಆಂಡಾಳ್ ಬಾಗಿಲಿಗೆ ಅಡ್ಡ ನಿಂತರು. ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಅಂಗಡಿಗಳು ಇನ್ನೂ ತೆರೆದಿರಲಿಲ್ಲ.

"ನಿನ್ನ ಹತ್ರ ಇರೋದ್ರಲ್ಲಿ ಒಂದು ಕೊಡಬಹುದಲ್ಲೇ?" ಎಂದು ಸಿರಿಯನ್ನು ಕೇಳಿದೆ.

"ಕೊಟ್ರೆ ಕದ್ದಿದ್ದನ್ನ ವಾಪಸ್ ಕೊಟ್ಟಳು ಅಂತಾರೆ. ಕೊಡದಿದ್ರೆ ಹೊಟ್ಟೆಕಿಚ್ಚು ಅಂತಾರೆ. ನಾನೇನ್ ಮಾಡ್ಲಿ ಆಂಟಿ?"

ಕೇಳಬಾರದಿತ್ತು.

ಸುಮಿತ್ರಮ್ಮ ಡಬ್ಬಿ ತೆರೆದರು. ಹತ್ತಿ ತಳದಲ್ಲಿ ಮುದ್ದೆಯಾಗಿತ್ತು, ಬ್ಯಾಟರಿಗಳು ಅದರ ಮೇಲೆ ಬಿಡಿಯಾಗಿ ಬಿದ್ದಿದ್ದವು. ಒಂದೊಂದರ ಮೇಲೂ ನೇಲ್ ಪಾಲಿಶ್‌ನ ಹಸಿರು ಚುಕ್ಕೆ.

"ಇದು ಯಾರಿಟ್ಟಿದ್ದು?"

"ನಾನೇ ಮೇಡಂ, ಟೆಸ್ಟ್ ಮಾಡಿದ್ಮೇಲೆ ಗುರುತಿಗೆ," ಎಂದಳು ಮೇಧಿನಿ.

ಸುಮಿತ್ರಮ್ಮ ಬ್ಯಾಟರಿಗಳನ್ನು ಮೂಸಿ, ನನ್ನ ಮೂಗಿಗೂ ಹಿಡಿದರು. ಪಚ್ಚಕರ್ಪೂರದ ಪರಿಮಳ. ದೇವರ ಮನೆಯನ್ನು ಹೊರಗಿನಿಂದಲೇ ಇಣುಕಿ ನೋಡಿ ಬಂದು ಎಲ್ಲರನ್ನೂ ಕೂರಿಸಿದರು. ಪೂಜೆ ಮುಗಿಸಿದ್ದ ಗೋಪಾಲಸ್ವಾಮಿಯವರೂ ಬಂದರು.

"ಚುಕ್ಕೆ ಇದೆ ಅಂದ್ರೆ ಇವು ಮೇಧಿನಿಯ ಬ್ಯಾಟರಿಗಳೇ. ಯಾರೂ ಬದಲಾಯಿಸಿಲ್ಲ," ಎಂದು ಸುಮಿತ್ರಮ್ಮ ಆರಂಭಿಸಿದರು. "ಯಾರೋ ಹತ್ತಿಯಿಂದ ಬಿಡಿಸಿ ಲೋಹದ ಪಾತ್ರೆಗೆ ಸುರಿದಿದ್ದಾರೆ. ಕೆಲವು ಬೋರಲು, ಕೆಲವು ಅಂಗಾತ ಬಿದ್ದು ಒಂದಕ್ಕೊಂದು ತಾಗಿದ್ರೆ ರಾತ್ರಿಯೆಲ್ಲ ಕರೆಂಟ್ ಹರಿದು ಖಾಲಿಯಾಗ್ತವೆ. ಯಾವ ಪಾತ್ರೆ? ಪಚ್ಚಕರ್ಪೂರ ಹಾಕೋದು ತೀರ್ಥಕ್ಕೆ. ದೇವರ ಮುಂದಿರೋ ಬೆಳ್ಳಿ ಬಟ್ಟಲಲ್ಲಿ ಹತ್ತಿಯ ಎಳೆ ಈಗಲೂ ಅಂಟಿದೆ. ಆ ಬಟ್ಟಲು ಮುಟ್ಟೋರು ಈ ಮನೇಲಿ ಒಬ್ಬರೇ."

ಗೋಪಾಲಸ್ವಾಮಿಯವರ ಮುಖ ಬಿಳುಚಿಕೊಂಡಿತು. "ಮಗೂಗೆ ಪರೀಕ್ಷೆ ಅಂತ ರಾತ್ರಿ ಹತ್ತಿ ಬಿಡಿಸಿ, ಬಟ್ಟಲಲ್ಲಿ ಹಾಕಿ ದೇವರ ಪಾದದಲ್ಲಿಟ್ಟೆ. ಬೆಳಗ್ಗೆ ತೀರ್ಥ ಚಿಮುಕಿಸಿ, ಒರೆಸಿ ಡಬ್ಬಿಗೆ ಹಾಕ್ದೆ. ಅಲ್ಲಿಟ್ಟಿದ್ದು ಕೆಡತ್ತೆ ಅಂತ ಯಾರಿಗೆ ಗೊತ್ತು ಮೇಡಂ?"

ಆಂಡಾಳ್ ತಲೆ ತಗ್ಗಿಸಿದರು. "ತಪ್ಪಾಯ್ತು ಕಣೇ ಸಿರಿ."

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಹಾಗಾದ್ರೆ ಸಿರಿಯದ್ದು ಯಾಕೆ ಕೆಡಲಿಲ್ಲ?" ಎಂದುಬಿಟ್ಟೆ.

ಪ್ರತಿ ಹೆಜ್ಜೆಯನ್ನೂ ಬಿಡಿಸಿ ಹೇಳುವ ಸುಮಿತ್ರಮ್ಮ ಈ ಸಲ ಡಬ್ಬಿಯ ಮುಚ್ಚಳ ಹಾಕಿದರು.

"ನಂದು ದೇವರ ಹತ್ರ ಹೋಗಿರ್ಲಿಲ್ಲ ಆಂಟಿ," ಎಂದಳು ಸಿರಿ. ರಟ್ಟು ಹರಿದು ಒಂದು ಬ್ಯಾಟರಿಯನ್ನು ಮೇಧಿನಿಯ ಕ್ಯಾಲ್ಕುಲೇಟರಿಗೆ ತಾನೇ ಹಾಕಿದಳು. ಅಂಕಿ ಮೂಡಿತು. ಇನ್ನೊಂದನ್ನು ಅವಳ ಕೈಗಿಟ್ಟಳು.

ಗೋಪಾಲಸ್ವಾಮಿ ತಡವರಿಸುತ್ತ ಎದ್ದರು. "ಸಿರಿ, ನಿನ್ನ ಪೆನ್ನಾದ್ರೂ ಕೊಡಮ್ಮ. ದೇವರ ಮುಂದೆ ಇಟ್ಟು ತರ್ತೀನಿ."

"ಬೇಡ ಮಾಮ, ಬಸ್ಸಿಗೆ ಹೊತ್ತಾಯ್ತು," ಎಂದು ಸಿರಿ ಹೊಸ್ತಿಲು ದಾಟಿದಳು.