ಮೂರೂರು ಸುತ್ತಿದ ಲೋಡು

ಗುಜರಿ ಎಂಬ ಶಬ್ದ ಕಿವಿಗೆ ಬಿದ್ದರೆ ಶಶಿಕಾಂತನ ಮೈ ಉರಿಯುತ್ತಿತ್ತು. ಗುಜರಿ ವ್ಯಾಪಾರದಿಂದಲೇ ಬ್ಯಾಡಗಿಯಲ್ಲಿ ಸ್ವಂತ ಮನೆ, ಬಾಗಿಲಲ್ಲಿ ಬಿಳಿ ಕಾರು, ಬೆರಳಲ್ಲಿ ಉಂಗುರ ಎಲ್ಲ ಇದ್ದವು. ಆದರೂ ರಾಣೆಬೆನ್ನೂರಿನಲ್ಲಿ ಉದ್ಯಮಿಗಳಿಗೆ ಸನ್ಮಾನ ನಡೆದ ದಿನ ಬೀಜದ ವ್ಯಾಪಾರಿ ಪ್ರಭುಲಿಂಗಪ್ಪ ಮೈಕಿನಲ್ಲೇ, "ನಮ್ಮ ಗುಜರಿ ಶಶಿಯಣ್ಣಾರೂ ಬಂದಾರ, ಹಿಂದ ಒಂದು ಕುರ್ಚಿ ಹಾಕ್ರೆಪಾ" ಎಂದುಬಿಟ್ಟ. ಸಭೆ ನಕ್ಕಿತು. ಶಶಿಕಾಂತನೂ ಹಲ್ಲು ಕಿರಿದು ಹಿಂದೆ ಹೋಗಿ ಕೂತ. ಮುಂದಿನ ಶಾಲು ತನಗೇ, ಅದೂ ದಿಲ್ಲಿಯಲ್ಲಿ ಎಂದು ಅಲ್ಲಿ ಕೂತೇ ನಿಶ್ಚಯಿಸಿದ.

ದಿಲ್ಲಿಯಲ್ಲಿ ಆಗ ಸರ್ಕ್ಯುಲರ್ ಎಕಾನಮಿಗೆ ರಾಷ್ಟ್ರೀಯ ನೀತಿ ತಯಾರಾಗುತ್ತಿತ್ತು. ಬಳಸಿದ್ದನ್ನು ಬಿಸಾಡಬಾರದು, ಅದು ಸುತ್ತಿ ಸುತ್ತಿ ಮತ್ತೆ ಬಳಕೆಗೆ ಬರಬೇಕು ಎಂಬುದು ಅದರ ತಿರುಳು. ನಮ್ಮ ಅಜ್ಜಿಯರು ಹಳೇ ಸೀರೆಗಳನ್ನು ಸೇರಿಸಿ ಕೌದಿ ಹೊಲೆಯುವಾಗ ಯಾವ ಸಮಿತಿಯೂ ಕೂತಿರಲಿಲ್ಲ. ಈಗ ಒಂಬತ್ತು ಉಪಸಮಿತಿಗಳು ಕೂತಿದ್ದವು. ಸಣ್ಣ ಊರುಗಳಲ್ಲಿ ಪ್ಲಾಸ್ಟಿಕ್ ಸಂಗ್ರಹಿಸುವ ಒಂದು ಮಾದರಿ ಘಟಕವನ್ನು ಆರಿಸಿ, ಅದರ ಹೆಸರನ್ನು ನೀತಿಯ ಕರಡಿನಲ್ಲಿ ಬರೆದು, ಮಾಲೀಕನನ್ನು ದಿಲ್ಲಿಗೆ ಕರೆಸಿ ಗೌರವಿಸುವುದೆಂದು ಠರಾವಾಗಿತ್ತು. ಶಶಿಕಾಂತನ ಹೆಗಲು ಶಾಲಿಗೆ ಸಿದ್ಧವಿತ್ತು. ಪ್ಲಾಸ್ಟಿಕ್ ಮಾತ್ರ ಒಂದು ಲಾರಿಗಾಗುವಷ್ಟೇ ಇತ್ತು.

ಒಂದೇ ಲಾರಿ ಮಾಲು ಸಾಕು ಎಂದು ಅವನಿಗೆ ಹೊಳೆದದ್ದು ತಲೆಗೆ ನೀರು ಹಾಕಿಕೊಳ್ಳುವಾಗ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಒಂದೊಂದು ಶೆಡ್ ಬಾಡಿಗೆಗೆ ಹಿಡಿದ. ಸೋಮವಾರ ಹಾವೇರಿಯಲ್ಲಿ ತೂಗಿದ ಬಂಡಲ್ಲುಗಳನ್ನೇ ಬುಧವಾರ ಬ್ಯಾಡಗಿಯಲ್ಲಿ ತೂಗುವುದು, ಶನಿವಾರ ರಾಣೆಬೆನ್ನೂರಿನಲ್ಲಿ ತೂಗುವುದು. ತೂಕದ ಚೀಟಿ ಮೂರೂ ಅಪ್ಪಟ ಖರೆ. ಸುಳ್ಳು ಚೀಟಿ ಮಾಡಿಸುವ ದಡ್ಡರೇ ಸಿಕ್ಕಿಬೀಳುವುದು ಎಂದು ಅವನ ಲೆಕ್ಕ. ತೂಕ ಒಂದೇ ಬರಬಾರದೆಂದು ಒಂದು ವಾರ ನಾಲ್ಕು ಬಂಡಲ್ ಇಳಿಸುವನು, ಇನ್ನೊಂದು ವಾರ ನಡುವೆ ಕಲ್ಲು ತುರುಕುವನು. ಊರಿಗೊಂದು ಬಣ್ಣದ ಹಗ್ಗ, ಊರಿಗೊಂದು ಬಾಡಿಗೆ ಲಾರಿ. ಆಳುಗಳ ಬಾಯಿ ಸಡಿಲವಾದರೆ ಎಲ್ಲ ಕೆಟ್ಟೀತೆಂದು ಪರಊರಿನವರನ್ನು ಹತ್ತಿರ ಸೇರಿಸದೆ, ಡ್ರೈವರ್ ಯಲ್ಲೇಶನನ್ನೂ ಸೇರಿ ತನ್ನ ಓಣಿಯ ಆರು ಮಂದಿಯನ್ನೇ ಇಟ್ಟುಕೊಂಡ. ಲೋಡು ಹೋದಲ್ಲಿ ಅವರೂ ಹೋಗುತ್ತಿದ್ದರು.

"ಸಾಹುಕಾರ್ರ, ಈ ಮಾಲು ಕರಗಸೂದು ಯಾವಾಗ್ರಿ?" ಎಂದು ಯಲ್ಲೇಶ ಒಮ್ಮೆ ಕೇಳಿದ.

"ಕರಗಸಿದ್ರ ಮುಗದ ಹೋಗತೈತಲೋ. ಸರಕಾರಾನ ಸುತ್ತಲಿ ಅನ್ನಾಕತ್ತೈತಿ, ಸುತ್ತಲಿ ಬಿಡು."

ಹತ್ತು ತಿಂಗಳಾಗುವಷ್ಟರಲ್ಲಿ, ಆ ಚೀಟಿಗಳು ಏರಿದ ಸರಕಾರಿ ಕಂಪ್ಯೂಟರಿನ ಪ್ರಕಾರ, ಹಾವೇರಿ ಜಿಲ್ಲೆಯಲ್ಲಿ ಹೆಕ್ಕಲು ಪ್ಲಾಸ್ಟಿಕ್ಕೇ ಉಳಿದಿರಲಿಲ್ಲ. ಬಸ್‌ಸ್ಟ್ಯಾಂಡಿನ ಗಟಾರಕ್ಕೆ ಈ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ದಿಲ್ಲಿಗೆ ಮುಟ್ಟಿತು. ಕೊನೆಯ ತಪಾಸಣೆಗೆಂದು ಸಮಿತಿ ರಾಣೆಬೆನ್ನೂರಿನ ಶೆಡ್ಡಿಗೆ ಬರುವುದೆಂದು ಪತ್ರ ಬಂತು. ಒಂದೂರಿನ ಮಾಲು ಇನ್ನೊಂದೂರಿಗೆ ಹೋಗುವುದಿಲ್ಲ, ಕೆಲಸಗಾರರೆಲ್ಲ ಆಯಾ ಊರಿನವರೇ ಎಂದು ಶಶಿಕಾಂತ ಮುಚ್ಚಳಿಕೆ ಬರೆದುಕೊಟ್ಟ. ಅದು ಸುಳ್ಳೆಂದಾದರೆ ಜೈಲು ಎಂದು ಅದರಲ್ಲೇ ಅಚ್ಚಾಗಿತ್ತು. ಅವನು ಆ ಸಾಲು ಓದಿ, ಮೀಸೆಯಲ್ಲೇ ನಕ್ಕು, ಸಹಿ ಹಾಕಿದ.

ಸಮಿತಿಯ ಮುಖ್ಯಸ್ಥೆ ಶ್ವೇತಾ ಮೂಲತಃ ಬೆಂಗಳೂರಿನವರು, ಮಾತು ಕಡಿಮೆ. ಹೂವಿನ ಹಾರ ಬೇಡವೆಂದರು, ಚಹಾ ಬೇಡವೆಂದರು. ತನಗೆ ಸಿಗುವ ಗೌರವವನ್ನು ನೋಡಲೆಂದು ಶಶಿಕಾಂತ ಕರೆಸಿದ್ದ ಪ್ರಭುಲಿಂಗಪ್ಪ ಹಿಂದಿನ ಸಾಲಿನಲ್ಲಿ ಬೆವರೊರೆಸಿಕೊಳ್ಳುತ್ತಿದ್ದ.

"ಒಂದು ಬಂಡಲ್ ಬಿಚ್ಚಿಸಿ," ಎಂದರು ಶ್ವೇತಾ.

ಶಶಿಕಾಂತ ಇದಕ್ಕೂ ತಯಾರಿದ್ದ. ಹರಿದ ಚಪ್ಪಲಿ, ಗುಟ್ಕಾ ಚೀಟಿ ಇಲ್ಲದ ಒಳ್ಳೆಯ ಬಂಡಲ್ಲೊಂದನ್ನು ಮುಂದೆ ತಂದು ಇಟ್ಟಿದ್ದ. "ಬರೇ ಹಾಲಿನ ಪಾಕೀಟು ನೋಡ್ರಿ ಮೇಡಂ. ಇದೇ ರಾಣೆಬೆನ್ನೂರು ಮನಿಮನಿಯಿಂದ ಬಂದದ್ದು. ಈ ಶೆಡ್ ದಾಟಿ ಹೊರಗ ಹೋಗಿಲ್ರಿ."

ಹಗ್ಗ ಕತ್ತರಿಸಿದ ಕೂಡಲೇ ಶ್ವೇತಾ ಸೀನಿದರು. ಬೆನ್ನಿಗೇ ಸಮಿತಿಯ ಇಬ್ಬರು ಸದಸ್ಯರು, ಆಮೇಲೆ ಕ್ಯಾಮೆರಾ ಹಿಡಿದವನು, ಕೊನೆಗೆ ಹಿಂದಿನ ಸಾಲಿನ ಪ್ರಭುಲಿಂಗಪ್ಪ. ಎಲ್ಲರ ಕಣ್ಣಲ್ಲೂ ಮೂಗಲ್ಲೂ ನೀರು. ಶಶಿಕಾಂತ ಮಾತ್ರ ಇವರಿಗೆಲ್ಲ ಒಮ್ಮೆಲೇ ನೆಗಡಿ ಹೇಗೆ ಬಂತೆಂದು ಬೆರಗಾಗಿ ನಿಂತಿದ್ದ. ಬಾಡಿಗೆ ಕಡಿಮೆಯೆಂದು ಬ್ಯಾಡಗಿಯಲ್ಲಿ ಅವನು ಹಿಡಿದಿದ್ದ ಶೆಡ್ಡು ಖಾರದಪುಡಿ ಗಿರಣಿಗೆ ಅಂಟಿಕೊಂಡಿತ್ತು. ವಾರಕ್ಕೆ ಮೂರು ದಿನದಂತೆ ಹತ್ತು ತಿಂಗಳು ಅಲ್ಲಿ ಬಿದ್ದಿದ್ದ ಬಂಡಲ್ಲುಗಳ ಸಂದುಸಂದಿನಲ್ಲೂ ಕೆಂಪು ಧೂಳು ಕೂತಿತ್ತು. "ಹಾಲಿನ ಪಾಕೀಟಿಗೆ ಮೆಣಸಿನಕಾಯಿ ಘಾಟು ಹೇಗೆ ಬಂತು?" ಎನ್ನುತ್ತ ಶ್ವೇತಾ ಕಣ್ಣೊರೆಸಿಕೊಂಡು, ಗೋಡೆಯ ಬದಿ ಸಾಲಾಗಿ ನಿಂತ ಆರು ಮಂದಿಯ ಕಡೆ ತಿರುಗಿದರು. ಒಬ್ಬನೂ ಸೀನಿರಲಿಲ್ಲ. "ನಿಮಗೆ ಏನೂ ಆಗ್ತಿಲ್ವಾ?" ಎಂದು ಕೇಳಿದರು. ದಿಲ್ಲಿಯಿಂದ ಬಂದವರು ಮೊದಲ ಸಲ ತನ್ನನ್ನು ಮಾತಾಡಿಸಿದ ಹಿಗ್ಗಿನಲ್ಲಿ ಯಲ್ಲೇಶ ಎದೆ ಸೆಟೆಸಿ ಹೇಳಿದ: "ಇಷ್ಟಕ್ಕ ನಮಗೇನಾಗತೈತ್ರಿ ಮೇಡಂ, ನಾವು ಆರೂ ಮಂದಿ ಬ್ಯಾಡಗಿಯಾಗ ಹುಟ್ಟಿ ಬೆಳದವರು."