ನಂದಿನಿಯ ಕಾಣೆಯಾದ ಪಟ್ಟಿ

"ಫೈಲ್ ಇಲ್ರಿ ಸರ್. ನಿನ್ನಿ ಸಂಜೀಕ ಇತ್ತು, ಈಗ ಇಲ್ಲ."

ನಂದಿನಿ ಹೀಗಂದಾಗ ಬೆಳಿಗ್ಗೆ ಒಂಬತ್ತೂಕಾಲು. ನಮ್ಮ ಮಾಲೀಕರಾದ ಧನ್ಯಕುಮಾರ ಚಹದ ಕಪ್ಪನ್ನು ತುಟಿಗೆ ಒಯ್ದವರು ಹಾಗೆಯೇ ಕೆಳಗಿಟ್ಟರು. ನಾನು ಅವರ ಹಿಂದೆ ನಿಂತಿದ್ದೆ. ಈ ಕತೆಯನ್ನು ಇನ್ನು ಯಾರಿಗೂ ಹೇಳಬಾರದು ಎಂದು ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಹೇಳಿದರೆ ನನ್ನ ಮಾನ ಹೋಗುತ್ತದೆ. ಹೋಗಲಿ ಬಿಡಿ, ಅಂಥಾ ದೊಡ್ಡ ಮಾನವೇನೂ ಉಳಿದಿಲ್ಲ.

ಅದು ೨೦೦೬ನೆಯ ಇಸವಿ, ಭಾದ್ರಪದ. ನಮ್ಮ ಜೈನರ ದಶಲಕ್ಷಣ ಪರ್ವ ನಡೆದಿತ್ತು. ಘಟಪ್ರಭಾದ ಸ್ಟೇಷನ್ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಯೇ ನಮ್ಮ ಆಫೀಸು. ಇದ್ದವರು ಮೂವರೇ: ಧನ್ಯಕುಮಾರ, ಹುಕ್ಕೇರಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ನಂದಿನಿ, ಮತ್ತು ಮೂಡಲಗಿಯ ಶ್ರೇಯಸನಾದ ನಾನು. ಹುದ್ದೆಯಲ್ಲಿ ನಾನು ಹಿರಿಯ, ಕೆಲಸದಲ್ಲಿ ಅವಳು. ಇದು ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಅಂದಿರಲಿಲ್ಲ.

ಗೋಕಾಕದ ಒಂದು ರಕ್ತನಿಧಿಗೆ ರಕ್ತದಾನಿಗಳ ಹೆಸರು, ಗುಂಪು, ಊರು ಹುಡುಕಿಕೊಡುವ ಸಾಫ್ಟ್‌ವೇರು ಮಾಡಿದ್ದೆವು. ಶುಕ್ರವಾರ ಒಪ್ಪಿಸಬೇಕಿತ್ತು. ಅಂಥ ಸಾಫ್ಟ್‌ವೇರನ್ನು ಯಾರೂ ಪೂರ್ತಿ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಬಿಡಿಭಾಗಗಳನ್ನು ತಂದು ಜೋಡಿಸುತ್ತಾರೆ. ಯಾವ ಭಾಗ, ಅದರ ಎಷ್ಟನೆಯ ಆವೃತ್ತಿ ಎಂಬುದನ್ನು ಒಂದು ಫೈಲಿನಲ್ಲಿ ಪಟ್ಟಿ ಮಾಡಿಡಬೇಕು. ಮದುವೆಯ ಅಡಿಗೆಯವನಿಗೆ ಕೊಡುವ ಸಾಮಾನಿನ ಯಾದಿ ಇದ್ದಂತೆ. ನಂದಿನಿ ಎರಡು ತಿಂಗಳು ಒಂದೊಂದನ್ನೂ ಹಾಕಿ, ತೆಗೆದು, ಒಂದಕ್ಕೊಂದು ಜಗಳವಾಡದ ನಲವತ್ಮೂರು ಭಾಗಗಳ ಪಟ್ಟಿ ಮಾಡಿದ್ದಳು. ಮೇ ತಿಂಗಳಿಂದ ಅದರ ಒಂದಕ್ಷರ ಬದಲಾಗಿರಲಿಲ್ಲ. ಕಾಣೆಯಾಗಿದ್ದು ಅದೇ ಪಟ್ಟಿ. ಅದಿಲ್ಲದೆ ಸಾಫ್ಟ್‌ವೇರು ಏಳುವುದೇ ಇಲ್ಲ.

"ಶ್ರೇಯಸ, ಸಿ.ಡಿ. ತಗಿ," ಅಂದರು ಧನ್ಯಕುಮಾರ.

ಪ್ರತಿ ತಿಂಗಳು ಎಲ್ಲವನ್ನೂ ಸಿ.ಡಿ.ಗೆ ಇಳಿಸಿಡುವುದು ನನ್ನ ಕೆಲಸ. ಮಾರ್ಚಿನ ನಂತರ ನಾನು ಇಳಿಸಿರಲಿಲ್ಲ. ಅದನ್ನು ಒಪ್ಪಿಕೊಂಡಾಗ ಅವರು ನನಗೆ ಬೈದ ಬೈಗುಳ ಗೊಬ್ಬರದ ಅಂಗಡಿಯವರೆಗೂ ಕೇಳಿತು. ಬೈದಾದ ಮೇಲೆ ಕೇಳಿದರು, "ನಿನ್ನಿ ಕಡೀಕ ಹೋದವರು ಯಾರು?"

"ನಾ ನಾಲ್ಕೂವರಿ ಬಸ್ಸಿಗೆ ಹೋದ್ನಿರಿ. ನಂದಿನಿ ಇದ್ರು," ಅಂದೆ.

ನಂದಿನಿ ನನ್ನ ಮುಖ ನೋಡಿದಳು. "ಐದಕ್ಕ ನಾ ಹೊಂಟಾಗ ಇವರು ಇಲ್ಲೇ ಇದ್ರಲ್ರಿ," ಅಂದಳು. ಆದರೆ ಧನ್ಯಕುಮಾರರ ತಲೆ ಬೇರೆ ಕಡೆ ಓಡಿತ್ತು. ಬೆಳಗಾವಿಯ ಒಂದು ಕಂಪನಿ ಅವಳನ್ನು ಸಂದರ್ಶನಕ್ಕೆ ಕರೆದ ಕಾಗದವನ್ನು ಹಿಂದಿನ ವಾರವಷ್ಟೇ ನೋಡಿದ್ದರು. ಹೋಗುವವಳು ನಮ್ಮನ್ನು ಮುಳುಗಿಸಿ ಹೋಗುತ್ತಿದ್ದಾಳೆ ಎಂದು ತೀರ್ಮಾನ ಮಾಡಿಬಿಟ್ಟರು. ಮಾಡಿ ಸುಮ್ಮನಿರಲಿಲ್ಲ. ಹುಕ್ಕೇರಿಯಲ್ಲಿ ಅವಳ ಮನೆಯ ಬಾಜೂದವರಿಗೆ ಫೋನು ಹಚ್ಚಿ, ಅವಳ ಅವ್ವ ಗುಡ್ಡವ್ವನನ್ನು ಕರೆಸಿ, "ನಿಮ್ಮ ಮಗಳು ನಮ್ಮ ಸಾಮಾನ ಒಯ್ದಾಳ, ನಾಳಿ ಸಂಜಿಯೊಳಗ ತಂದು ಕೊಡು ಅಂತ ಹೇಳ್ರಿ, ಇಲ್ಲಂದ್ರ ಪೊಲೀಸರ ಕಡೆ ಹೋಗ್ತೇನಿ," ಅಂದರು. ಆ ಮನೆಯಲ್ಲಿ ಎಷ್ಟು ಜನ ಕಿವಿಗೊಟ್ಟು ನಿಂತಿದ್ದರೋ ದೇವರೇ ಬಲ್ಲ.

ನಂದಿನಿ ಮೆಟ್ಟಿಲಿಳಿದು ನೇರ ಪದ್ಮವ್ವ ಕಾಕುವಿನ ಅಡಿಗೆಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ.

ಪದ್ಮವ್ವ ಕಾಕು ಧನ್ಯಕುಮಾರರ ಚಿಕ್ಕಮ್ಮ. ಕಟ್ಟಡದ ಹಿಂದಿನ ಭಾಗದಲ್ಲಿ ಒಬ್ಬರೇ ಇದ್ದರು. ಗೋಕಾಕದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಆಪರೇಟರ್ ಆಗಿ ನಿವೃತ್ತರಾದವರು. ಓಣಿಯಲ್ಲಿ ಏನೇ ಕಳೆಯಲಿ, ಸಿಲಿಂಡರು, ಸ್ಕೂಟರಿನ ಕೀಲಿ, ಮದುಮಗಳ ಸೀರೆ, ಜನ ಮೊದಲು ಬರುತ್ತಿದ್ದುದು ಅವರ ಬಾಗಿಲಿಗೆ. ಅವರ ಮೊಣಕಾಲು ಹಿಡಿದಿದ್ದವು. ಹೀಗಾಗಿ ತಿರುಗಾಟ ನನ್ನದು, ತಲೆ ಅವರದು. ಅವರ ಬಲಗೈ ನಾನೇ ಎಂದು ಊರೆಲ್ಲ ಹೇಳಿಕೊಂಡು ಅಡ್ಡಾಡುತ್ತಿದ್ದೆ.

"ಕಾಕು, ನನ್ನ ಹೆಸರು ಹೋದರ ಹೋಗ್ಲಿ, ನೌಕರಿ ಹೋದರ ಹೋಗ್ಲಿ," ಅಂದಳು ನಂದಿನಿ. "ನಮ್ಮವ್ವ ಇನ್ನ ಓಣ್ಯಾಗ ಹೆಂಗ ಮಾರಿ ಎತ್ತಿ ಅಡ್ಡಾಡ್ಬೇಕ್ರಿ? ಮಗಳು ಕಳ್ಳಿ ಅಂತ ಫೋನಿನ್ಯಾಗ ಕೇಳ್ಯಾಳ."

ಕಾಕು ಅವಳನ್ನು ಹತ್ತಿರ ಕೂಡಿಸಿಕೊಂಡರು. ಅವರೆದುರಿಗೆ ಬೆಳಿಗ್ಗೆ ನಾನು ತಿಂದು ಬಿಟ್ಟ ಖಾಲಿ ತಾಟು ಇನ್ನೂ ಇತ್ತು. ಆಫೀಸಿಗೆ ಹತ್ತುವ ಮೊದಲು, ಪರ್ವದ ದಿನಗಳ ಉಳ್ಳಾಗಡ್ಡಿ ಇಲ್ಲದ ಅವಲಕ್ಕಿಯನ್ನು ಮೂರು ಸಲ ಹಾಕಿಸಿಕೊಂಡಿದ್ದೆ. "ನಿನ್ನಿ ಉಪವಾಸ ಮಲಗೀಯೇನೋ?" ಎಂದು ಕಾಕು ನಕ್ಕಿದ್ದರು. ಹೂಂ ಅಂದಿದ್ದೆ.

"ಅತ್ತರ ಫೈಲ್ ಬರಂಗಿಲ್ಲ," ಅಂದರು ಕಾಕು. "ನನಗ ಕಂಪ್ಯೂಟರ್ ತಿಳ್ಯಂಗಿಲ್ಲ, ಸಣ್ಣ ಹುಡುಗರಿಗೆ ಹೇಳಿದಂಗ ಹೇಳು. ಅದರಾಗ ಏನಾರ ಅಳಿಸಿದ್ರ ಅದು ಎಲ್ಲಿ ಹೋಗ್ತೈತಿ?"

"ಕಸದ ಬುಟ್ಟಿ ಅಂತ ಒಂದ ಇರ್ತೈತ್ರಿ. ಅದರಾಗ ಬೀಳ್ತೈತಿ. ನಾ ನೋಡೇನ್ರಿ. ಹೋದ ವಾರದ ಕಸ ಐತಿ, ಇದಷ್ಟ ಇಲ್ಲ."

"ಬಾಕಿ ಫೈಲು?"

"ಎಲ್ಲಾ ಇದ್ದಲ್ಲೇ ಅದಾವ್ರಿ."

ಕಾಕು ಹೊರಗಿನವರು ಯಾರು ಬಂದಿದ್ದರು ಎಂದು ಕೇಳಿದರು. ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಗೋಕಾಕದ ಕಲ್ಲಪ್ಪ ಬ್ಯಾಟರಿ ಬದಲಿಸಲು ಬಂದಿದ್ದ. "ನಾ ಹೋಗಿ ಕೇಳಿ ಬರ್ಲೇನ್ರಿ?" ಎಂದು ತುದಿಗಾಲಲ್ಲಿ ನಿಂತೆ. ಹೋಗಿ ಬಂದೆ. ಕಲ್ಲಪ್ಪ ನಾಲ್ಕಕ್ಕೇ ತನ್ನ ಅಂಗಡಿ ಸೇರಿದ್ದ. ಬಾಜೂ ಅಂಗಡಿಯವರೂ ಸಾಕ್ಷಿ ಹೇಳಿದರು. ನಂದಿನಿ ಐದಕ್ಕೆ ಯಂತ್ರ ಬಂದ್ ಮಾಡುವಾಗ ಫೈಲನ್ನು ಕಣ್ಣಾರೆ ನೋಡಿದ್ದಳು. ಅಲ್ಲಿಗೆ ಕಲ್ಲಪ್ಪನ ಮಾತು ಮುಗಿಯಿತು.

"ಅಂದ್ರ ಐದರ ಮ್ಯಾಲೆ ಆಗೇತಿ," ಅಂದರು ಕಾಕು. "ನಾ ಆಗ ಬಸದಿಗೆ ಹೋಗಿದ್ನಿ. ಆಫೀಸಿನ ಕೀಲಿ ನನ್ನ ಬಾಗಲದ ಮೊಳೀಗೆ ಇತ್ತು. ನಿನಗೇನಾರ ಗೊತ್ತೈತೇನೋ, ಶ್ರೇಯಸಾ?"

"ಇಲ್ರಿ," ಅಂದೆ.

ಆ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕಿಳಿದಾಗ ನನಗೆ ಹಸಿವಿಲ್ಲ ಎಂದು ಮೇಲೆಯೇ ಉಳಿದೆ. ಕೆಳಗೆ ಬಂದಾಗ ಕಾಕು ಮತ್ತೆ ಅದೇ ಪ್ರಶ್ನೆ ಕೇಳಿದರು. ನಾನು ಮತ್ತೆ ಅದೇ ಉತ್ತರ ಕೊಟ್ಟೆ.

ಸಂಜೆ ನಂದಿನಿ ಕಾಕುವಿನ ಅಡಿಗೆಮನೆಯಲ್ಲಿ ಕುಳಿತು ನೆನಪಿನಿಂದ ಪಟ್ಟಿ ಬರೆಯತೊಡಗಿದಳು. ಸಾಲಿಗೊಂದು ಹೆಸರು, ಅದರ ಮುಂದೆ ಚುಕ್ಕೆ ಇಟ್ಟ ಅಂಕಿಗಳು. ಹದಿನೆಂಟು ಸಾಲಿಗೆ ಪೆನ್ನು ನಿಂತಿತು. ಉಳಿದವನ್ನು ಮತ್ತೆ ಒಂದೊಂದಾಗಿ ಹಾಕಿ ನೋಡಲು ವಾರಗಳೇ ಬೇಕು. ಕಾಕು ಕನ್ನಡಕ ಏರಿಸಿ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ. ಆಮೇಲೆ ಎದ್ದು ದೇವರ ಮಾಡದ ಕಡೆ ಹೋಗಿ, ಅರಿಶಿನ ಬಟ್ಟೆಯ ಗಂಟೊಂದನ್ನು ತೆಗೆದು ನೋಡಿ, ಮತ್ತೆ ಒಳಗಿಟ್ಟರು. ಅದು ಶ್ರುತಪಂಚಮಿಯ ಗಂಟು. ಜ್ಯೇಷ್ಠ ಮಾಸದ ಆ ಹಬ್ಬಕ್ಕೆ ನಾವು ಶಾಸ್ತ್ರಗ್ರಂಥಗಳನ್ನು ಪೂಜಿಸುತ್ತೇವೆ. ಬರೆದದ್ದೆಲ್ಲವೂ ಜ್ಞಾನವೇ ಎಂದು ಕಾಕು ಆ ವರ್ಷ ಜೂನಿನಲ್ಲಿ ಆಫೀಸಿನವರಿಂದಲೂ ಒಂದೊಂದು ಹಾಳೆ ಬೇಡಿ, ಗ್ರಂಥಗಳ ಜೊತೆ ಪೂಜೆಗಿಟ್ಟಿದ್ದರು. ನಂದಿನಿ ಕೈಯಿಂದ ಬರೆದ ಹಾಳೆ ಕೊಟ್ಟಿದ್ದಳು. ನಾನು ಪ್ರಿಂಟರಿನ ಬಾಜೂ ಬಿದ್ದಿದ್ದ ಒಂದು ಹಾಳೆ ಎತ್ತಿ, ಮೇಲೆ ಹೆಸರು ಬರೆದು ಕೊಟ್ಟು ಮರೆತಿದ್ದೆ.

ನಾನು ಬಸ್ಸಿಗೆ ಹೊರಟಾಗ ಕಾಕು ಬಾಗಿಲವರೆಗೆ ಬಂದರು. "ಮೂರನೇ ಸಲ ಕೇಳಾಕತ್ತೇನಿ, ತಮ್ಮಾ. ಏನಾರ ಹೇಳೂದೈತೇನು?"

"ಏನೂ ಇಲ್ರಿ ಕಾಕು."

ಮರುದಿನ ನಾಲ್ಕು ಗಂಟೆಗೆ ಅವರು ಮೂವರನ್ನೂ ಅಡಿಗೆಮನೆಗೆ ಕರೆದರು. ಚಾಪೆ ಹಾಸಿತ್ತು. ಧನ್ಯಕುಮಾರ ಗೋಡೆಗೆ ಆತು ಕುಳಿತರು, ನಂದಿನಿ ಬಾಗಿಲ ಹತ್ತಿರ. ನನಗೆ ನಡುವಿನ ಜಾಗ ಉಳಿದಿತ್ತು.

"ಧನ್ಯಾ, ಮದ್ಲ ನಿನಗ ಹೇಳ್ತೇನಿ," ಅಂದರು ಕಾಕು. "ಅಳಿಸಿದ್ರ ಅದು ಕಸದ ಬುಟ್ಟಿಯೊಳಗ ಇರಬೇಕಿತ್ತು. ಇಲ್ಲ. ಬುಟ್ಟೀನ ಝಾಡಿಸಿದ್ರ ಹೋದ ವಾರದ ಕಸಾನೂ ಹೋಗಬೇಕಿತ್ತು. ಅದು ಐತಿ. ಅಂದ್ರ ಅದನ್ನ ಯಾರೂ ಅಳಿಸಿಲ್ಲ, ಎತ್ತಿ ಬ್ಯಾರೆ ಕಡೆ ಇಟ್ಟಾರ. ಕೆಡಿಸಬೇಕನ್ನಾವ ಎಲ್ಲಾ ಕೆಡಿಸ್ತಾನ. ಇವರು ಒಂದ ಪಟ್ಟಿ ಅಷ್ಟ ಒಯ್ದಾರ. ಯಾಕ? ಓದಾಕ. ಬರದಾಕಿಗೆ ಓದೂದು ಏನೈತಿ? ಓದಬೇಕಾಗಿದ್ದು ಅದು ತಿಳೀಲಾರದವರಿಗೆ."

ಧನ್ಯಕುಮಾರ ಬಾಯಿ ತೆರೆದರು. ಕಾಕು ಕೈ ಎತ್ತಿದರು.

"ತಡಿ. ಮೇಲಿನ ಯಂತ್ರದಾಗ ಫ್ಲಾಪಿ ಹಾಕಿದ್ರ ಗರ್ರ್ ಗರ್ರ್ ಅಂತೈತಿ. ಒಂದ ವರ್ಷ ಆಗಿತ್ತು ಆ ಸಪ್ಪಳ ಕೇಳಿ. ನಿನ್ನಿ ಮಧ್ಯಾಹ್ನ ಊಟದ ಹೊತ್ತಿನ್ಯಾಗ ಏಳ ಸಲ ಕೇಳೇನಿ. ಎಕ್ಸ್‌ಚೇಂಜಿನ್ಯಾಗ ಮೂವತ್ತೆರಡ ವರ್ಷ ಕಿವಿ ಮ್ಯಾಲೇ ಬದುಕೇನಿ, ಕಿವಿ ಮೋಸ ಮಾಡಂಗಿಲ್ಲ. ಒಯ್ದ ಫ್ಲಾಪಿ ಕೆಟ್ಟೈತಿ, ಅದಕ್ಕ ಮತ್ತ ಮತ್ತ ಹಾಕಿ ನೋಡ್ಯಾರ."

ನಾನು ಚಾಪೆಯ ಅಂಚಿನ ಎಳೆ ಕೀಳತೊಡಗಿದೆ.

"ಇನ್ನೊಂದು. ಪರ್ವದಾಗ ನಾವು ಹೊತ್ತ ಮುಳುಗಿದ ಮ್ಯಾಲೆ ಉಣ್ಣಂಗಿಲ್ಲ. ನಾಲ್ಕೂವರಿ ಬಸ್ಸಿಗೆ ಹೋದಾವ ಬೆಳಕಿದ್ದಾಗನ ಮೂಡಲಗಿ ಮುಟ್ಟಿ ಉಣತಾನ. ಉಪವಾಸ ಮಲಗಿದಾವ ಹೊತ್ತ ಮುಳುಗಿದ ಮ್ಯಾಲೆ ಮನಿ ಮುಟ್ಯಾನ. ಅವಲಕ್ಕಿ ತಾಟ ನನ್ನ ಮುಂದನ ಇತ್ತು." ಅವರು ನನ್ನತ್ತ ನೋಡಲಿಲ್ಲ. "ಹೆಸರು ನಾ ಹೇಳಂಗಿಲ್ಲ. ಅವರಿಗೂ ಬಾಯಿ ಐತಿ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ನಾನು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅಂಥ ಹೇಡಿ ನಾನು.

ಕಾಕು ಅರಿಶಿನ ಗಂಟು ಬಿಚ್ಚಿ ಒಂದು ಹಾಳೆಯನ್ನು ನಂದಿನಿಯ ಕೈಗೆ ಕೊಟ್ಟರು. ಕುಂಕುಮದ ಬೊಟ್ಟು ಬಿದ್ದ ಹಾಳೆ. ಅವಳು ಬೆರಳಿಟ್ಟು ಎಣಿಸಿದಳು, ತುಟಿ ಅಲುಗುತ್ತಿತ್ತು. "ನಲವತ್ಮೂರೂ ಅದಾವ್ರಿ! ಇದು ನನ್ನ ಪಟ್ಟೀನ!" ಅಂದಳು. ಆಮೇಲೆ ಹಾಳೆಯ ನೆತ್ತಿ ಓದಿ ಅದನ್ನು ನನ್ನ ಕಡೆ ತಿರುಗಿಸಿದಳು. ಅಲ್ಲಿ ನನ್ನ ಕೈಬರಹದಲ್ಲಿ ದಪ್ಪಗೆ ಬರೆದಿತ್ತು: ಶ್ರೇಯಸ, ಮೂಡಲಗಿ.

ಅವಳ ದುಡಿಮೆಗೆ ನನ್ನ ಹೆಸರು ಹಚ್ಚಿ ದೇವರ ಮುಂದೆ ಇಡಿಸಿದ್ದೆ. ಅದು ಯಾರ ಹಾಳೆ ಎಂದು ನೋಡುವ ಗೊಡವೆಗೂ ಹೋಗಿರಲಿಲ್ಲ.

"ನಾನ ಒಯ್ದೇನ್ರಿ," ಅಂದೆ. "ಶುಕ್ರವಾರ ರಕ್ತನಿಧಿಯವರು ಏನರ ಕೇಳಿದ್ರ ಹಿರಿಯ ಅಂತ ನಾ ಹೇಳಬೇಕು. ನನಗ ಅದರಾಗಿಂದು ಒಂದ ಸಾಲೂ ತಿಳೀತಿರಲಿಲ್ಲ. ನಂದಿನೀನ ಕೇಳಾಕ ನಾಚಿಕಿ ಬಂತು. ಸಂಜೀಕ ಎಲ್ಲಾರೂ ಹೋದ ಮ್ಯಾಲೆ ಫ್ಲಾಪಿಗೆ ಹಾಕ್ಕೊಂಡ್ನಿ, ಮನ್ಯಾಗ ಓದೂಣು ಅಂತ. ಕಾಪಿ ಮಾಡೂ ಬದಲಿ ಗಡಿಬಿಡಿಯೊಳಗ ಕಟ್ ಮಾಡೇನಿ, ಇಲ್ಲಿ ಉಳೀಲೇ ಇಲ್ಲ. ಊರಾಗ ಫ್ಲಾಪಿ ತೆರೀಲಿಲ್ಲ. ಮುಂಜಾನೆ ಇಲ್ಲಿ ಇಲ್ಲ ಅಂದಾಗ ಜೀವ ಹೋದಂಗಾತು. ಆಮ್ಯಾಲೆ..." ಆಮೇಲಿನದು ಬರೀ ಸುಳ್ಳು.

ಕಾಕು ನಂದಿನಿಗೆ ಕೈಮುಗಿದರು. "ನನಗ ನಿನ್ನಿ ಸಂಜೀಕನ ತಿಳಿದಿತ್ತು, ಮಗಳ. ಚುಕ್ಕಿ ಇಟ್ಟ ಅಂಕಿ ನೋಡಿ ಹಾಳಿನೂ ಗುರ್ತು ಸಿಕ್ಕಿತ್ತು. ಇವನ ಬಾಯಿಲೇ ಬರ್ಲಿ ಅಂತ ಒಂದ ರಾತ್ರಿ ಕಾದೆ. ಆ ರಾತ್ರಿ ನಿಮ್ಮ ಮನ್ಯಾಗ ಯಾರೂ ನಿದ್ದಿ ಮಾಡಿರಂಗಿಲ್ಲ. ಅದು ನನ್ನ ತಪ್ಪು."

ಧನ್ಯಕುಮಾರರ ಮುಖ ಕಪ್ಪಿಟ್ಟಿತ್ತು. ತಡವರಿಸುತ್ತ ಮೊಬೈಲು ತೆಗೆದು, "ಈಗಿಂದೀಗ ನಿಮ್ಮವ್ವಗ ಹೇಳ್ತೇನಿ," ಅಂದರು.

"ಫೋನ್ ಬ್ಯಾಡ್ರಿ ಸರ್," ಅಂದಳು ನಂದಿನಿ. ನಂತರ ನನ್ನ ಕಡೆ ತಿರುಗಿದಳು. "ನನಗ ಕ್ಷಮಾ ಕೇಳಬ್ಯಾಡ್ರಿ. ಇವತ್ತ ನಾ ಕೊಡಂಗಿಲ್ಲ. ಹುಕ್ಕೇರಿಗೆ ಹೋಗಿ ನಮ್ಮವ್ವನ ಮುಂದ ಹೇಳ್ರಿ. ಫೋನ್ ಇದ್ದ ಮನಿಯವರನ್ನ ಕರದು, ಅವರ ಮುಂದನ ಹೇಳ್ರಿ."

ಅಂದು ಸಂಜೆಯೇ ಅವಳು ನಲವತ್ಮೂರು ಸಾಲನ್ನೂ ಟೈಪು ಮಾಡಿದಳು. ಸಾಫ್ಟ್‌ವೇರು ಎದ್ದು ನಿಂತಿತು. ಶುಕ್ರವಾರ ರಕ್ತನಿಧಿಯವರ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದವಳು ಅವಳೇ. ನಾನು ಹಿಂದಿನ ಕುರ್ಚಿಯಲ್ಲಿ ಕುಳಿತು, ಇಡೀ ವರ್ಷದಲ್ಲಿ ಮೊದಲ ಸಲ ಏನನ್ನೋ ಕಲಿತೆ.

ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಬಂತು. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ನಾವು ಎಲ್ಲರಿಗೂ ಕೈಮುಗಿಯುವ ದಿನ. ಪ್ರತಿ ವರ್ಷ ಬಸದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ನಗುನಗುತ್ತ ಕೈಮುಗಿದು ಮನೆಗೆ ಹೋಗುತ್ತಿದ್ದೆ. ಆ ವರ್ಷ ಹುಕ್ಕೇರಿ ಬಸ್ಸು ಹತ್ತಿದೆ.

ಗುಡ್ಡವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಬಾಜೂ ಮನೆಯವರನ್ನು ನಾನೇ ಕರೆದೆ. ಐದಾರು ಜನ ಬಂದು ನಿಂತರು. ಎಲ್ಲವನ್ನೂ ಹೇಳಿದೆ: ಫ್ಲಾಪಿ, ಸುಳ್ಳು, ಮೂರು ಸಲದ 'ಇಲ್ಲ'. ಹೇಳುವಾಗ ಎರಡು ಸಲ ತಡವರಿಸಿದೆ, ಯಾರೂ ಸಹಾಯಕ್ಕೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಗುಡ್ಡವ್ವ ಪೂರ್ತಿ ಕೇಳಿದರು. ಬಾಜೂ ಮನೆಯವರ ಕಡೆ ಒಮ್ಮೆ ನೋಡಿ, "ಕೇಳಿದ್ರಿಲ್ಲೋ?" ಅಂದರು. ಅವರು ತಲೆಯಾಡಿಸಿ ಒಬ್ಬೊಬ್ಬರಾಗಿ ಹೋದರು. ಬೈಯುತ್ತಾರೆ ಎಂದು ಕಾದೆ. ಗುಡ್ಡವ್ವ ಸೆರಗಿಗೆ ಕೈ ಒರೆಸಿಕೊಂಡು ನನ್ನ ಮುಖ ನೋಡಿ ಒಂದೇ ಮಾತು ಕೇಳಿದರು.

"ನಿಮ್ಮವ್ವಗ ಹೇಳಿ ಬಂದೀಯೇನಪಾ?"

ನನ್ನ ಅವ್ವನಿಗೆ ನಾನು ದೊಡ್ಡ ಇಂಜಿನಿಯರು. ಆ ಪಟ್ಟಿ ಮಾಡಿದವನೂ ನಾನೇ ಎಂದು ಮೇ ತಿಂಗಳಲ್ಲೇ ಅವಳಿಗೆ ಹೇಳಿದ್ದೆ. ಮೂಡಲಗಿಯ ನಮ್ಮ ಓಣಿಗೆಲ್ಲ ಅದನ್ನು ಅವಳೇ ಹೇಳಿಕೊಂಡು ಬಂದಿದ್ದಳು.

"ಇಲ್ರಿ," ಅಂದೆ. ಅಷ್ಟು ದಿನಗಳಲ್ಲಿ ನಾನು ಹೇಳಿದ ನಿಜವಾದ 'ಇಲ್ಲ' ಅದೊಂದೇ.

"ಮತ್ತ ಹೋಗು. ಹೊತ್ತ ಮುಳುಗೂದರಾಗ ಮುಟ್ಟು," ಅಂದು ಅವರು ಮತ್ತೆ ಶೇಂಗಾ ಸುಲಿಯತೊಡಗಿದರು.

ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಮೂಡಲಗಿಯ ಬಸ್ಸಿನಲ್ಲಿ ಕುಳಿತೆ. ಅವ್ವ ಆ ಹೊತ್ತಿಗೆ ನನ್ನ ತಾಟು ಹಚ್ಚಿಟ್ಟು ಬಾಗಿಲಲ್ಲಿ ನಿಂತಿರುತ್ತಾಳೆ ಎಂದು ನನಗೆ ಗೊತ್ತಿತ್ತು.