ಕಾಣೆಯಾದ ಇಪ್ಪತ್ಮೂರು ಕಮಿಟ್

ಕಾನ್‌ಸ್ಟೇಬಲ್ ಲಕ್ಕಮ್ಮ ಹಳೆಯ ಫೈಲುಗಳಿಗೆ ದಾರ ಕಟ್ಟುತ್ತಿದ್ದರು. ಸೋಮವಾರ ಬೆಳಿಗ್ಗೆ 10.20ಕ್ಕೆ ತಣಿಸಂದ್ರದ ಸಾಫ್ಟ್‌ವೇರ್ ಕಚೇರಿಯೊಂದರ ಮಾಲೀಕ ಮುನೀಂದ್ರ ಠಾಣೆಗೆ ಬಂದರು.

"ಇಪ್ಪತ್ಮೂರು ಕಮಿಟ್ ಹೋಗಿದೆ ಮೇಡಂ. ಯಾರೋ ಹೊರಗಿನವ್ರು ಹ್ಯಾಕ್ ಮಾಡವ್ರೆ. ಬುಧವಾರ ಆಸ್ಪತ್ರೆಗೆ ಪ್ರೋಗ್ರಾಂ ಕೊಡ್ಬೇಕು."

"ಕಮಿಟ್ ಅಂದ್ರೆ?" ಕೇಳಿದರು ಇನ್‌ಸ್ಪೆಕ್ಟರ್ ಇಂದು.

"ಪ್ರೋಗ್ರಾಂನಲ್ಲಿ ಏನೇ ಬದಲಾಯಿಸಿದ್ರೂ ಉಳಿಸಿಡೋ ದಾಖಲೆ. ಬರೆದವರ ಹೆಸರೂ ಇರುತ್ತೆ."

FIR ದಾಖಲಾಯಿತು. 11.45ಕ್ಕೆ ಇನ್‌ಸ್ಪೆಕ್ಟರ್ ಮತ್ತು ಲಕ್ಕಮ್ಮ ಕಚೇರಿಗೆ ಹೋಗಿ ಪಂಚನಾಮೆ ಮಾಡಿದರು. ಶನಿವಾರ ಬೆಳಿಗ್ಗೆ 9.05ಕ್ಕೆ ಯಾರೋ ಕಮಿಟ್‌ಗಳ ಇಡೀ ಇತಿಹಾಸ ತಿದ್ದಿ, ಹಳೆಯದರ ಜಾಗದಲ್ಲಿ ಬಲವಂತವಾಗಿ ಕೂರಿಸಿದ್ದರು. ಕಂಪ್ಯೂಟರ್ ಕಚೇರಿಯದೇ. ಲಾಗಿನ್ ಮುನೀಂದ್ರರ ಮಗ ಮಹೇಂದ್ರನದು.

"ಶನಿವಾರ ನಾನು ಊರಲ್ಲೇ ಇರ್ಲಿಲ್ಲ," ಎಂದ ಮಹೇಂದ್ರ. "ಆ ಲಾಗಿನ್ ಎಲ್ಲರ ಹತ್ರಾನೂ ಇದೆ. ಇಲ್ಲಿ ಯಾರು ಬರೆದ್ರೂ ನನ್ ಹೆಸರಲ್ಲೇ ಹೋಗೋದು."

"ಈಗ ಇನ್ನೂರ ಹನ್ನೊಂದು ಕಮಿಟ್‌ನಲ್ಲಿ ಬರೆದವರ ಹೆಸರು ತರನ್ನುಮ್ ಅಂತಿದೆಯಲ್ಲ?" ಎಂದರು ಇನ್‌ಸ್ಪೆಕ್ಟರ್.

ಮಹೇಂದ್ರ ಅಪ್ಪನ ಮುಖ ನೋಡಿದ.

ತರನ್ನುಮ್ ಕಿಟಕಿ ಪಕ್ಕದ ಮೇಜಿನಲ್ಲಿದ್ದಳು. ಗಂಗಾನಗರದವಳು. ಹತ್ತನೇ ತರಗತಿಗೆ ಶಾಲೆ ಬಿಟ್ಟು, ಡೇಟಾ ಎಂಟ್ರಿಗೆ ಸೇರಿ, ನೋಡಿ ನೋಡಿಯೇ ಪ್ರೋಗ್ರಾಂ ಕಲಿತವಳು.

"ನೀವೇ ಮಾಡಿದ್ದಾ?"

"ಹೂಂ."

"ಯಾಕೆ?"

"ಬರೆದಿದ್ದು ನಾನು. ನನ್ ಹೆಸರು ಹಾಕ್ಕೊಂಡೆ."

"ಏನಮ್ಮಾ, ಕೆಲಸ ಕೊಟ್ಟ ಮನೆಗೇ ಹಿಂಗಾ?" ಎಂದರು ಮುನೀಂದ್ರ.

"ಸಾರ್, ನಿಮ್ ಮಗನಿಗೆ ಅದ್ರಲ್ಲಿ ಒಂದು ಸಾಲು ಓದಿ ಹೇಳೋಕೆ ಹೇಳಿ."

ಪಕ್ಕದ ಮೇಜಿನ ಕೀರ್ತಿ ನಗು ನುಂಗಿದ. ಕಾಣೆಯಾದ ಇಪ್ಪತ್ಮೂರು ಕಮಿಟ್ ಅವನ ಕೆಲಸವೇ.

"ಕೀರ್ತಿದು ಯಾಕೆ ಅಳಿಸಿದ್ರಿ?" ಇನ್‌ಸ್ಪೆಕ್ಟರ್ ಬಿಡಲಿಲ್ಲ.

"ಅಳಿಸ್ಲಿಲ್ಲ. ನಾನು ತಿದ್ದಿದ್ದು ಗುರುವಾರದ ಪ್ರತಿ. ಇವ್ನು ಶುಕ್ರವಾರ ಸಂಜೆ ಹಾಕಿದ್ನ ಇಳಿಸ್ಕೊಳ್ದೇ ಮೇಲೆ ಕೂರಿಸ್ಬಿಟ್ಟೆ. ಅದೊಂದು ನನ್ ತಪ್ಪು. ಹೆಸರು ಹಾಕಿದ್ದಲ್ಲ. ಇವನ ಲ್ಯಾಪ್‌ಟಾಪಲ್ಲಿ ರಿಫ್ಲಾಗ್ ನೋಡಿ, ಸಿಗುತ್ತೆ."

ಲ್ಯಾಪ್‌ಟಾಪ್ ತನ್ನ ನಡೆಗಳನ್ನು ತಾನೇ ಬರೆದಿಟ್ಟುಕೊಳ್ಳುವ ಪಟ್ಟಿ ಅದು. ಮಧ್ಯಾಹ್ನ 2.10ಕ್ಕೆ, ಪಂಚರ ಎದುರು, ಇಪ್ಪತ್ಮೂರೂ ಅದರಲ್ಲಿ ಸಿಕ್ಕವು.

ಮುನೀಂದ್ರ ದೂರು ಹಿಂತೆಗೆದುಕೊಳ್ಳಲಿಲ್ಲ. 3.30ಕ್ಕೆ ಐಟಿ ಕಾಯ್ದೆಯಡಿ ತರನ್ನುಮ್‌ಳ ಬಂಧನವಾಯಿತು.

ಹಿಂದಿನ ವಾರ ಹೆಬ್ಬಾಳದ ಕಂಪನಿಯೊಂದರಲ್ಲಿ ಅವಳಿಗೆ ಸಂದರ್ಶನವಿತ್ತು. ಡಿಗ್ರಿ ಬೇಡ, ಮಾಡಿದ ಕೆಲಸ ತೋರಿಸಿ ಸಾಕು ಎಂದಿದ್ದರು. ಮೂರು ವರ್ಷದ ಕೆಲಸದಲ್ಲಿ ಎಲ್ಲಿಯೂ ಅವಳ ಹೆಸರಿರಲಿಲ್ಲ. ಇನ್ನೊಂದು ವಾರ ಸಮಯ ಕೇಳಿ ಬಂದಿದ್ದಳು. ಹೇಳಿಕೆಯಲ್ಲಿ ಲಕ್ಕಮ್ಮ ಇಷ್ಟನ್ನೂ ಬರೆದುಕೊಂಡರು.

ಮಹೇಂದ್ರ ಆಗಲೇ ತನ್ನ ಹೆಸರಿದ್ದ ಹಳೆಯ ಪ್ರತಿ ತೆರೆದು ಕೂತಿದ್ದ. ಬಾಗಿಲ ಬಳಿ ತರನ್ನುಮ್ ನಿಂತು ತಿರುಗಿದಳು.

"ಕೀರ್ತಿದು ವಾಪಸ್ ಹಾಕಿ. ನನ್ ಹೆಸರು ತೆಗೀಬೇಡಿ."

ಲಕ್ಕಮ್ಮ ಅದನ್ನೂ ಬರೆದುಕೊಂಡರು.